ಹದಿನಾಲ್ಕು ನಿಯಮ, ಒಂದು ತೌಡಿನ ಮಡಕೆ

೧

ಎಲ್ಲಿಂದ ಶುರು ಮಾಡಲಿ? ಬೆಳಗ್ಗೆಯಿಂದ ಮೂರು ಆರಂಭ ಬರೆದು ಮೂರನ್ನೂ ಅಳಿಸಿದೆ. ಅಳಿಸುವುದರಲ್ಲಿ ನನ್ನ ಕೈ ಪಳಗಿದೆ. ಮೊದಲನೆಯದು ನಮ್ಮೂರು ಕೊಕುರಾದ ಸಮುದ್ರದ ಗಾಳಿಯಿಂದ ಶುರುವಾಗುತ್ತಿತ್ತು. ಗಾಳಿಗೂ ನನ್ನ ತಪ್ಪಿಗೂ ಸಂಬಂಧವಿಲ್ಲ. ಎರಡನೆಯದರಲ್ಲಿ ನಾನು ಬಹಳ ಒಳ್ಳೆಯವನಾಗಿ ಕಾಣುತ್ತಿದ್ದೆ. ಮೂರನೆಯದರಲ್ಲಿ ಬಹಳ ಕೆಟ್ಟವನಾಗಿ. ಅದೂ ಒಂದು ಬಗೆಯ ಜಂಭವೇ.

ನೇರವಾಗಿ ಹೇಳಿಬಿಡುತ್ತೇನೆ. ನಾನು ‘ಕೊಕುರಾ ತೌಡು ಬಳಗ’ ಎಂಬ ಆನ್‌ಲೈನ್ ಗುಂಪಿನ ಅಡ್ಮಿನ್. ಅಕ್ಕಿ ತೌಡಿಗೆ ಉಪ್ಪುನೀರು ಕಲಸಿ ಮಡಕೆಯಲ್ಲಿಟ್ಟು, ಅದರೊಳಗೆ ಸೌತೆ, ಮೂಲಂಗಿ, ಬದನೆ ಹೂತು ಹುಳಿ ಬರಿಸುವವರು ಮುನ್ನೂರ ಹನ್ನೆರಡು ಜನ ಇಲ್ಲಿದ್ದೇವೆ. ತೌಡಿಗೆ ಜೀವ ಇರುತ್ತದೆ. ದಿನಾ ಬರಿಗೈಯಲ್ಲಿ ತಿರುವದಿದ್ದರೆ ಸಾಯುತ್ತದೆ. (‘ತೌಡು ಕುಟ್ಟುವವರ ಸಂಘ’ ಎಂದು ನನ್ನ ಹೆಂಡತಿ ಆಡಿಕೊಳ್ಳುತ್ತಾಳೆ. ಅವಳನ್ನು ಈ ಕಥೆಗೆ ಸೇರಿಸುವುದಿಲ್ಲ.)

ನಿವೃತ್ತನಾಗುವ ಮೊದಲು ಮೂವತ್ತು ವರ್ಷ ಒಂದು ದೊಡ್ಡ ಅಂಗಡಿಯ ದೂರು ವಿಭಾಗದಲ್ಲಿದ್ದೆ. ಬೇರೆಯವರ ತಪ್ಪಿಗೆ ಬಗ್ಗಿ ಕ್ಷಮೆ ಕೇಳುವುದು ನನ್ನ ಕೆಲಸ. ನನ್ನದೇ ತಪ್ಪಿಗೆ ಕೇಳಿ ಅಭ್ಯಾಸವಿಲ್ಲ. ಅದಕ್ಕೇ ಕ್ಷಮಾಪಣೆಯ ಬದಲು ಕಥೆ ಬರೆಯುತ್ತಿದ್ದೇನೆ.

೨

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ. ನಮ್ಮವರು ಊಟ ಬಲ್ಲವರು, ಮಾತಿಗೆ ಮಾತ್ರ ನಿಯಮ ಬೇಕಿತ್ತು. ಹದಿನಾಲ್ಕು ಬರೆದೆ. ಒಂದು: ಹೊಸಬರು ಅರ್ಧ ವರ್ಷ ಸುಮ್ಮನೆ ಓದಿ, ಆಮೇಲೆ ಮಾತಾಡಿ. (ಇದು ನನ್ನದಲ್ಲ, ನಮ್ಮಲ್ಲಿ ಇಂಟರ್‌ನೆಟ್ಟಿನ ಹಳಬರೆಲ್ಲ ಹೇಳಿಕೊಂಡು ಬಂದದ್ದು.) ಎರಡು: ಒಂದೇ ಪ್ರಶ್ನೆಯನ್ನು ಎರಡು ಕಡೆ ಕೇಳಬೇಡಿ. ಮೂರು: ಒರಟು ಮಾತು ಅಳಿಸಲಾಗುವುದು. ಉಳಿದವು ಬರೆಯುವ ಹುಮ್ಮಸ್ಸಿಗೆ ಬಂದವು.

ಹೋದ ಸೆಪ್ಟೆಂಬರಿನ ಒಂದು ಬೆಳಗ್ಗೆ 9:20ಕ್ಕೆ ಚಿಗುಸಾ ಎಂಬ ಹೊಸ ಸದಸ್ಯೆ ಬರೆದರು. ಅದೂ ಎರಡು ಕಡೆ.

“ಅತ್ತೆ ಆಸ್ಪತ್ರೇಲಿದ್ದಾರೆ. ನಲವತ್ತೊಂದು ವರ್ಷ ಅವರು ತಿರುವಿದ ಮಡಕೆ ಈಗ ನನ್ನ ಕೈಲಿದೆ. ಮೇಲೆಲ್ಲ ಬಿಳಿ ಪದರ ಬಂದಿದೆ, ಪೇಂಟಿಗೆ ಹಾಕೋ ಥಿನ್ನರ್ ವಾಸನೆ ಹೊಡೀತಿದೆ. ಅವರು ಮನೆಗೆ ಬರೋದ್ರೊಳಗೆ ಸರಿ ಮಾಡಬೇಕು. ಯಾರಾದ್ರೂ ಹೇಳಿ, ಏನ್ ಮಾಡ್ಲಿ?”

9:24ಕ್ಕೆ ನಾನು ಉತ್ತರಿಸಿದೆ. “ತಮಗೆ ಹೃತ್ಪೂರ್ವಕ ಸ್ವಾಗತ. ತಮ್ಮ ಆತಂಕ ನಮಗೆ ಅರ್ಥವಾಗುತ್ತದೆ. ದಯವಿಟ್ಟು ಮೊದಲು ನಿಯಮಗಳ ಪುಟವನ್ನು ಓದುವ ಕೃಪೆ ಮಾಡಬೇಕು.”

ಅವರ ಪ್ರಶ್ನೆಗೆ ಉತ್ತರ ನನಗೆ ಗೊತ್ತಿತ್ತು. ಬರೆಯಲು ಅರ್ಧ ನಿಮಿಷ ಸಾಕಿತ್ತು.

೩

(ತಂಗಾ ಮಾರುಕಟ್ಟೆಯಲ್ಲಿ ಮೀನು ಮಾರುವ ಗೊಂಡೊ ಎಂಬವರು ಚಿಗುಸಾಗೆ 9:26ಕ್ಕೆ ಕೊಟ್ಟ ಉತ್ತರ ಇಲ್ಲಿತ್ತು. ನಿಯಮ ಮೂರರ ಪ್ರಕಾರ 9:29ಕ್ಕೆ ಅಳಿಸಲಾಗಿದೆ. — ಅಡ್ಮಿನ್)

೪

ಮಧ್ಯಾಹ್ನ ಗೊಂಡೊ ನನಗೆ ಫೋನ್ ಮಾಡಿದರು.

“ನಾನು ಹೇಳಿದ್ದು ಸರಿ ಇತ್ತೋ ಇಲ್ವೋ? ಅದ್ಹೇಳಯ್ಯಾ ಮೊದ್ಲು.”

“ಸರಿ ಇತ್ತು. ಆದರೆ ಧಾಟಿ…”

“ಮೀನು ಮಾರೋನ ಧಾಟಿ ಇನ್ನೆಂಗಿರತ್ತೆ? ನಿನ್ನ ಹಂಗೆ, ದೊಡ್ಡ ಅಂಗಡಿ ಲಿಫ್ಟಲ್ಲಿ ಮಹಡಿ ನಂಬರ್ ಹೇಳೋರ ಥರ ಮಾತಾಡ್ಲಾ?”

ಅವತ್ತೇ ಗುಂಪು ಬಿಟ್ಟರು. ಚಿಗುಸಾ ಮತ್ತೆ ಏನೂ ಕೇಳಲಿಲ್ಲ. ಗುಂಪಿನಲ್ಲಿ ಶಾಂತಿ ಇತ್ತು. ಇಲ್ಲಿ ‘ಆ ಅರ್ಧ ವರ್ಷ ನನ್ನ ಮನಸ್ಸು ಚುಚ್ಚುತ್ತಿತ್ತು’ ಎಂದು ಬರೆದರೆ ಕಥೆಗೆ ತೂಕ ಬರುತ್ತದೆ. ಬರೆದೂ ಇದ್ದೆ. ಸುಳ್ಳು, ಹಾಗಾಗಿ ತೆಗೆದೆ. ನಾನು ಮರೆತೇಬಿಟ್ಟಿದ್ದೆ.

೫

ಇವತ್ತು ಬೆಳಗ್ಗೆ ಇನ್ನೊಬ್ಬ ಹೊಸಬರು ಅದೇ ಪ್ರಶ್ನೆಯನ್ನು ಅದೇ ಥರ ಎರಡು ಕಡೆ ಕೇಳಿದರು. ನಾನು ‘ಹೃತ್ಪೂರ್ವಕ ಸ್ವಾಗತ’ ಅಂಟಿಸುವ ಮೊದಲೇ ಕೆಳಗೆ ಚಿಗುಸಾ ಬರೆದಾಗಿತ್ತು.

“ಬಿಳಿ ಪದರ ಕೆರೆದು ತೆಗೀರಿ. ಉಪ್ಪು ಹಾಕಿ ತಳದಿಂದ ತಿರುವಿ. ನಿಯಮದ ಪುಟ ಆಮೇಲೆ ಓದಿ. ಅದು ಕಾಯತ್ತೆ, ತೌಡು ಕಾಯಲ್ಲ. ನಾನು ಅರ್ಧ ವರ್ಷ ಓದಿದ್ದೀನಿ, ಗುಂಪಿನ ಹಳೇ ಬರಹಗಳಲ್ಲೇ ಉತ್ತರ ಸಿಕ್ತು. ಅಷ್ಟೊತ್ತಿಗೆ ನನ್ನ ಮಡಕೆ ಹೋಗಿತ್ತು. ಅತ್ತೆ ಮನೆಗೆ ಬಂದು ಶೂ ಬಿಚ್ಚೋಕೂ ಮುಂಚೆ ಕೇಳಿದ್ದು ಅದನ್ನೇ.”

ನಿಯಮ ಹನ್ನೆರಡು: ನಿಯಮ ಮುರಿಯಲು ಪ್ರೇರೇಪಿಸುವ ಬರಹ ಅಳಿಸಲಾಗುವುದು. ಬೆರಳು ‘ಅಳಿಸು’ ಗುಂಡಿಯ ಮೇಲೆ ಹೋಯಿತು. ಅಳಿಸುವ ಮೊದಲು ಸದಸ್ಯರ ಹಳೆಯ ದಾಖಲೆ ನೋಡುವುದು ನನ್ನ ಪದ್ಧತಿ. ನೋಡಿದೆ. ಸೆಪ್ಟೆಂಬರಿನ ಆ ಬೆಳಗ್ಗೆ 9:25ಕ್ಕೆ ಚಿಗುಸಾ ನಿಯಮಗಳ ಪುಟ ತೆರೆದಿದ್ದರು. ಮುಚ್ಚಿದ್ದು 9:41ಕ್ಕೆ.

ಗೊಂಡೊ ಅವರ ಉತ್ತರ ತೆರೆಯ ಮೇಲಿದ್ದದ್ದು ಮೂರೇ ನಿಮಿಷ. ಆ ಮೂರು ನಿಮಿಷ ಚಿಗುಸಾ ನನ್ನ ನಿಯಮಗಳನ್ನು ಓದುತ್ತಿದ್ದರು. ನಾನು ಹೇಳಿದ್ದಕ್ಕೆ. ಅದನ್ನು ನೋಡಿ ನನಗೆ ನಾಚಿಕೆಯಾಯಿತು. ಬೇರೆ ಪದ ಹುಡುಕಿದೆ, ಸಿಗಲಿಲ್ಲ.

೬

ಮುಕ್ತಾಯ ಅ. 9:27ಕ್ಕೆ ಯಾರೋ ಬಾಗಿಲು ತಟ್ಟುತ್ತಾರೆ, ಚಿಗುಸಾ ನಿಯಮಗಳ ಪುಟ ಮುಚ್ಚಿ ಏಳುತ್ತಾರೆ, ಏಳುವಾಗ ಗೊಂಡೊ ಅವರ ಉತ್ತರ ಕಣ್ಣಿಗೆ ಬೀಳುತ್ತದೆ. ಮಡಕೆ ಉಳಿಯುತ್ತದೆ. ಅತ್ತೆ ಮನೆಗೆ ಬಂದು ಸೌತೆಕಾಯಿ ಕಟುಂ ಎಂದು ಕಡಿಯುತ್ತಾರೆ.

“ಅದನ್ನ ತೆಗೀರಿ” ಎಂದರು ಚಿಗುಸಾ.

(ಅವರನ್ನು ನಾನು ನೋಡಿಲ್ಲ. ಈ ಚಿಗುಸಾ ಕಾಗದದ ಮೇಲಿನವರು. ಏಪ್ರನ್ ತೊಡಿಸಿದ್ದು ನಾನೇ. ಮಾತು ಮಾತ್ರ ನನ್ನ ಹಿಡಿತದಲ್ಲಿಲ್ಲ.)

“ಯಾಕೆ? ಚೆನ್ನಾಗಿದೆಯಲ್ಲ.”

“ನಿಮಗೆ ಚೆನ್ನಾಗಿದೆ. ಆ ತೌಡನ್ನ ಎರಡು ಚೀಲದಲ್ಲಿ ಕಟ್ಟಿ, ಕಸದ ದಿನ ಬೀದಿ ತುದಿಗೆ ಹೊತ್ತೋಳು ನಾನು. ಅದನ್ನ ಹೇಗೆ ಅಳಿಸ್ತೀರಿ?”

ಮುಕ್ತಾಯ ಆ. ನಾನು ಸಿಹಿಯ ಡಬ್ಬ ಹಿಡಿದು ಅವರ ಮನೆಗೆ ಹೋಗಿ, ಬಾಗಿಲಲ್ಲಿ ಆಳವಾಗಿ ಬಗ್ಗುತ್ತೇನೆ.

“ಬರಬೇಡಿ. ನೀವು ಮೂವತ್ತು ವರ್ಷ ಬಗ್ಗಿ ಪಳಗಿದೋರು. ನೀವು ಬಗ್ಗಿದ್ರೆ ನಾನೂ ಬಗ್ಗಬೇಕು. ಆಮೇಲೆ ಟೀ ಬೇರೆ ಮಾಡ್ಬೇಕು.”

“ಮತ್ತೆ ಹೇಗೆ ಮುಗಿಸಲಿ?”

“ಮುಗಿಸ್ಬೇಡಿ. ಮುಗಿಸಿದ್ರೆ ನಿಮಗೆ ಸಮಾಧಾನ ಆಗಿಬಿಡತ್ತೆ.” ಏಪ್ರನ್ನಿಗೆ ಕೈ ಒರೆಸಿ ಮುಂದೆ ಚಾಚಿದರು. “ಆ ಮೂರನೇ ಭಾಗ ನನಗೆ ಬರೆದಿದ್ದಲ್ವಾ? ಕೊಡಿ ಇಲ್ಲಿ.”

೭

‘ಅಳಿಸು’ ಗುಂಡಿಯ ಪಕ್ಕದಲ್ಲೇ ‘ಮರಳಿಸು’ ಎಂಬುದೂ ಇದೆ. ಅಡ್ಮಿನ್ ಆದ ಈ ಒಂಬತ್ತು ವರ್ಷದಲ್ಲಿ ಒಮ್ಮೆಯೂ ಒತ್ತಿರಲಿಲ್ಲ. ಓದುಗರೇ, ಒಂದು ಮಾತು ಮುಚ್ಚಿಟ್ಟಿದ್ದೆ. ಗೊಂಡೊ ಅವರ ಒರಟು ಮಾತಿನಲ್ಲಿ ಹೆಚ್ಚಿನದು ಬಿದ್ದದ್ದು ನನ್ನ ಮೇಲೆ. ನೀವೇ ನೋಡಿ. ಮತ್ತು ದಯವಿಟ್ಟು ಇದನ್ನು ಮುಕ್ತಾಯ ಎಂದು ತಿಳಿಯಬೇಡಿ. ಇದು ಇರಬೇಕಾದ್ದು ಮೇಲೆ, ಎರಡನೇ ಭಾಗದ ಕೆಳಗೆ.

೩

“ಏನ್ ತಾಯಿ, ತಲೇಲಿ ಮೆದುಳಿದೆಯೋ ತೌಡಿದೆಯೋ? ಇಷ್ಟಕ್ಕೆಲ್ಲ ಹೆದರ್ತಾರಾ? ಆ ಅಡ್ಮಿನ್ ಅನ್ನೋ ಮೆತ್ತನೆ ಬದನೇಕಾಯಿ ಮಾತು ಕೇಳ್ಕೊಂಡು ನಿಯಮ ಓದ್ತಾ ಕೂರ್ಬೇಡಿ, ಮೊದ್ಲು ಎದ್ದು ಮಡಕೆ ಹತ್ರ ಹೋಗಿ. ಬಿಳಿದೆಲ್ಲ ಕೆರೆದು ಎಸೀರಿ. ಎರಡು ಹಿಡಿ ಉಪ್ಪು. ತಳದಿಂದ ತಿರುವಿ, ದಿನಕ್ಕೆ ಎರಡು ಸಲ. ನಾಲ್ಕು ದಿನ ಏನೂ ಹೂಳ್ಬೇಡಿ. ನಿಮ್ಮತ್ತೆ ಮಡಕೆ ಅಷ್ಟು ಸುಲಭಕ್ಕೆ ಸಾಯಲ್ಲ, ಅಳಬೇಡಿ. ನಾಲ್ಕು ದಿನ ಬಿಟ್ಟು ಹೇಗಿದೆ ಅಂತ ಇಲ್ಲೇ ಬರೀರಿ. ನಾನು ಕಾಯ್ತಿರ್ತೀನಿ.”