ಹನ್ನೆರಡನೆಯ ನಿಮಿಷದಾಚೆ

ನಾನು ಒಂದು ವಿಡಿಯೊ ಕ್ಯಾಸೆಟ್. ಹುಟ್ಟಿದ್ದು ಯಾವುದೋ ಕಾರ್ಖಾನೆಯಲ್ಲಿ, ಹೊಟ್ಟೆ ತುಂಬಿದ್ದು ಕುವೈತಿನಲ್ಲಿ. ಜಪಾನಿನ ಹಳೆಯ ಕಾರ್ಟೂನ್ ಸರಣಿಯೊಂದರ ಮೊದಲ ಕಂತನ್ನು ಯಾರೋ ಅಲ್ಲಿನ ಟಿ.ವಿ.ಯಿಂದ ನನ್ನೊಳಗೆ ತುಂಬಿಕೊಂಡರು. ಗಿರಣಿಯ ಚಿಮಣಿಯಷ್ಟು ಎತ್ತರದ ರೋಬೋಟ್, ಅದರ ಎದೆಯೊಳಗೆ ಕೂತು ಓಡಿಸುವ ಒಬ್ಬ ಹುಡುಗಿ, ಮಾತೆಲ್ಲ ಅರಬ್ಬಿ. ಕೆಟ್ಟುಹೋದ ವಿಸಿಆರ್ ಒಂದರಲ್ಲಿ ಸಿಕ್ಕಿಹಾಕಿಕೊಂಡೇ ನಾನು ಗದಗಕ್ಕೆ ಬಂದೆ.

ರಿಪೇರಿ ಅಂಗಡಿಯ ಗುರುಬಸಪ್ಪ ನನ್ನನ್ನು ಹೊರಗೆಳೆದ. ವಿಸಿಆರ್ ತಂದವರು, "ಅದು ನನಗ ಬ್ಯಾಡ, ನೀವ ಇಟ್ಕೊಳ್ರಿ" ಅಂದರು. ಅಂದಿನಿಂದ ನಾನು ಟೆಸ್ಟ್ ಕ್ಯಾಸೆಟ್. ಯಾವ ವಿಸಿಆರ್ ರಿಪೇರಿಯಾದರೂ ನನ್ನನ್ನು ತುರುಕಿ ಹನ್ನೆರಡು ನಿಮಿಷ ನೋಡುವುದು, ಮತ್ತೆ ಹಿಂದಕ್ಕೆ ಸುತ್ತುವುದು. ಇದೂ ಒಂದು ಬಾಳೇ!

ಪಕ್ಕದ ಮೇಜಿನಲ್ಲಿ ಬೆಸುಗೆ ಹಾಕುತ್ತಿದ್ದವಳು ಅವನ ಹೆಂಡತಿ ನೀಲವ್ವ. ಮೊದಲ ಸಲ ನೋಡಿದಾಗ ಅವಳ ಕೈ ಅಲ್ಲೇ ನಿಂತಿತು.

"ಅಯ್ಯ ಶಿವನ! ಇಷ್ಟು ದೊಡ್ಡ ಯಂತ್ರಕ್ಕ ಈ ಕೂಸು ಡ್ರೈವರೇನ್ರಿ? ಮನ್ಯಾಗ ಹೇಳಿ ಬಂದಾಳೋ ಇಲ್ಲೋ!"

ಹನ್ನೆರಡನೆಯ ನಿಮಿಷಕ್ಕೆ ವೈರಿ ಒದ್ದ ಏಟಿಗೆ ರೋಬೋಟ್ ಸಮುದ್ರಕ್ಕೆ ಬೀಳುತ್ತದೆ. ಹುಡುಗಿಯ ಕೈ ಹಿಡಿಕೆಯಿಂದ ಜಾರುತ್ತದೆ. ಸರಿಯಾಗಿ ಅಲ್ಲಿಗೇ ಗುರುಬಸಪ್ಪ ಗುಂಡಿ ಒತ್ತಿಬಿಡುತ್ತಿದ್ದ.

"ಇನ್ನೊಂದೀಟು ಬಿಡ್ರಿ. ಎದ್ದಾಳೇನು ನೋಡೂನು."

"ಟೇಪ್ ಸವೀತೈತಿ. ಹೊಟ್ಟಿಪಾಡಿನ ಸಾಮಾನದು."

ನನಗೆ ಮೈಯೆಲ್ಲ ಉರಿ. ಮುಂದೇನಾಯಿತೆಂದು ನನಗೆ ಗೊತ್ತು, ಹೇಳಲು ಬಾಯಿಲ್ಲ. ಒಮ್ಮೆ ಹಟ ಹಿಡಿದು ಯಂತ್ರದೊಳಗೇ ಸಿಕ್ಕಿಕೊಂಡೆ. ಸ್ಕ್ರೂಡ್ರೈವರ್ ಹಾಕಿ ಎಳೆದ, ಪುಣ್ಯಾತ್ಮ. ನೀಲವ್ವನಿಗೂ ಸಮಾಧಾನವಿಲ್ಲ. ರೊಟ್ಟಿ ಬುತ್ತಿ ಬಿಚ್ಚುತ್ತಲೂ, "ನೀರಾಗ ಎಷ್ಟೊತ್ತಂತ ಉಸಿರು ಹಿಡೀತೈತ್ರಿ ಆ ಕೂಸು?" ಎಂದು ಕೇಳುತ್ತಿದ್ದಳು. ಹೀಗೇ ವರ್ಷಗಳು ಉರುಳಿದವು.

ವಿಸಿಆರ್‌ಗಳ ಕಾಲ ಮುಗಿಯಿತು. ಸತ್ತ ರಿಮೋಟುಗಳ ನಡುವೆ ಡ್ರಾಯರಿನಲ್ಲಿ ಬಿದ್ದುಕೊಂಡೆ. ಗುರುಬಸಪ್ಪನ ಕೈ ನಡುಗತೊಡಗಿತು, ಅಂಗಡಿ ಬಿಡಲು ನಿಶ್ಚಯಿಸಿದ. ಸಾಮಾನು ತೆರವು ಮಾಡುವಾಗ ಓಡುವ ಒಂದು ವಿಸಿಆರ್ ಸಿಕ್ಕಿತು. ಆ ಮಧ್ಯಾಹ್ನ ಅವನೇ ಕರೆದ, "ನೀಲಾ, ಬಾ ಇಲ್ಲಿ. ಇವತ್ತ ಪೂರ್ತಿ ನೋಡೂನು."

ಪರದೆಯ ತುಂಬ ಬರೀ ಬಿಳಿ ಚುಕ್ಕೆ. ಸಾವಿರ ಸಲ ಓಡಿ ಆ ಹನ್ನೆರಡು ನಿಮಿಷ ಪೂರ್ತಿ ಅಳಿಸಿಹೋಗಿದ್ದವು.

"ಸವೀಬಾರ್ದಂತ ನಾನ..." ಗುರುಬಸಪ್ಪ ತಲೆಯ ಮೇಲೆ ಕೈಹೊತ್ತು ಕೂತ. ನಾಚಿಕೆಯಿಂದ ನನ್ನ ಜೀವ ಹಿಡಿಯಷ್ಟಾಯಿತು.

"ಇರ್ಲಿ ಬಿಡ್ರಿ, ನನಗ ಬಾಯಿಪಾಠ ಐತಿ" ಎಂದ ನೀಲವ್ವ ಚುಕ್ಕೆಗಳ ಮೇಲೇ ಕಥೆ ಹೇಳತೊಡಗಿದಳು. ಅರಬ್ಬಿ ಕೂಗುಗಳನ್ನೂ ಬಿಡಲಿಲ್ಲ. "ಈಗ ಬಿದ್ಲು ನೋಡ್ರಿ" ಅನ್ನುವಷ್ಟರಲ್ಲಿ ಚಿತ್ರ ತೆರೆದುಕೊಂಡಿತು. ಯಾರೂ ಮುಟ್ಟದ ಭಾಗ, ಹೊಚ್ಚ ಹೊಸದು. ನೀರೊಳಗೆ ಹುಡುಗಿಯ ಬೆರಳು ಅಲುಗಿತು, ಹಿಡಿಕೆ ಹಿಡಿಯಿತು. ರೋಬೋಟ್ ಮೊಣಕಾಲೂರಿ ಮೇಲೆದ್ದಿತು.

"ಎದ್ಲು! ನಾ ಹೇಳಿದ್ದಿಲ್ಲೇನು!" ನೀಲವ್ವ ಚಪ್ಪಾಳೆ ತಟ್ಟಿ, ಸೆರಗಿನಿಂದ ಕಣ್ಣೊರೆಸಿಕೊಂಡಳು.

ನನ್ನ ಟೇಪ್ ಗದಗಕ್ಕೆ ಬಂದ ಮೇಲೆ ಮೊದಲ ಸಲ ಕೊನೆ ಮುಟ್ಟಿತು. ಎಷ್ಟು ವರ್ಷದ ಚಡಪಡಿಕೆ! ಈಗ ಸಾಯಲೂ ಸಿದ್ಧ ಅಂದುಕೊಂಡೆ.

"ಮೊದಲಿಂದ ಹಾಕ್ರಿ" ಅಂದಳು ನೀಲವ್ವ.

ಗುರುಬಸಪ್ಪನ ಬೆರಳು ಹಿಂದಕ್ಕೆ ಸುತ್ತುವ ಗುಂಡಿಯವರೆಗೆ ಹೋಗಿ ನಿಂತಿತು. ಟಿ.ವಿ. ಆರಿಸಿ, ಕುರ್ಚಿಯನ್ನು ಹೆಂಡತಿಯ ಕಡೆ ತಿರುಗಿಸಿಕೊಂಡ.

"ಮೊದಲಿಂದ ನೀನ ಹೇಳು" ಅಂದ.