ಚಿಂತಗುಟ್ಟೆಗೆ ಬರಬೇಕಾದ ಮನೆಗಳು

ಶಿಡ್ಲಘಟ್ಟದಲ್ಲಿ ತನ್ನ ಹೆಂಡತಿ ಬಾಡಿಗೆಗೆ ಇರದ ಬೀದಿಯೇ ಇಲ್ಲ ಎಂದು ಲಾಲ್ ಬಾಷಾ ತಮಾಷೆ ಮಾಡುತ್ತಿದ್ದ. ರಹಮತುನ್ನೀಸಾಗೆ ನಗು ಬರುತ್ತಿರಲಿಲ್ಲ. ಒಂದು ಮನೆಯಲ್ಲಿ ಮಾಲೀಕರ ಮಗಳಿಗೆ ಮದುವೆ ಗೊತ್ತಾಯಿತು, ಬಿಡಬೇಕಾಯಿತು. ಇನ್ನೊಂದರಲ್ಲಿ ಮಹಡಿ ಕಟ್ಟುತ್ತೇವೆ ಅಂದರು. ಮತ್ತೊಂದರಲ್ಲಿ ಕಾರಣವನ್ನೇ ಹೇಳಲಿಲ್ಲ. ಪ್ರತಿ ಸಲವೂ ಅವಳು ಗೋಡೆಗೆ ಹೊಡೆದಿದ್ದ ಮೊಳೆಗಳನ್ನು ಒಂದೊಂದಾಗಿ ಕಿತ್ತು, ಡಬ್ಬಿಗೆ ಹಾಕಿಕೊಂಡು ಹೊರಡುತ್ತಿದ್ದಳು.

ಈಗಿನ ಮನೆ ರೇಷ್ಮೆ ನೂಲು ತೆಗೆಯುವ ಘಟಕದ ಹಿಂದಿನ ಒಂಟಿ ಕೋಣೆ. ಗಂಡ ಹೆಂಡತಿ ಇಬ್ಬರೂ ಅದೇ ಘಟಕದಲ್ಲಿ ದುಡಿಯುತ್ತಿದ್ದರು. ಗೂಡು ಬೇಯಿಸುವ ಹಬೆ ಗೋಡೆ ದಾಟಿ ಬರುತ್ತಿತ್ತು. ಸತ್ತ ಹುಳದ ವಾಸನೆ ಅನ್ನಕ್ಕೂ ಹಾಸಿಗೆಗೂ ಹತ್ತಿತ್ತು. ಅದೆಲ್ಲ ಅವಳಿಗೆ ರೂಢಿಯಾಗಿತ್ತು. ರೂಢಿಯಾಗದೆ ಉಳಿದದ್ದು ಒಂದೇ. ಮಗಳು ಹುಮಾಳನ್ನು ಗೌರಿಬಿದನೂರಿಗೆ ಕೊಟ್ಟಿತ್ತು. ಮಗಳು ಮಗುವನ್ನು ಕಟ್ಟಿಕೊಂಡು ಬೆಳಗಿನ ಬಸ್ಸಿಗೆ ಬಂದರೆ ಸಂಜೆಯ ಬಸ್ಸಿಗೆ ವಾಪಸು. ಮಲಗಲು ಜಾಗವೆಲ್ಲಿ? "ಇರಲಿ ಬಿಡಮ್ಮ, ಅಲ್ಲೂ ಕೆಲಸ ಇದೆ" ಅಂತ ಹುಮಾನೇ ಹೇಳುತ್ತಿದ್ದಳು. ಹಾಗೆ ಹೇಳಿ ಬಸ್ಸು ಹತ್ತುವ ಮಗಳ ಬೆನ್ನು ನೋಡುವುದು ತಾಯಿಗೆ ಆಗುತ್ತಿರಲಿಲ್ಲ.

ಹೀಗಿರುವಾಗ ಊರಿನ ಯೋಜನಾ ಪ್ರಾಧಿಕಾರದವರು ಹೊಸ ನಕ್ಷೆ ಮಾಡಿದ್ದಾರೆಂದೂ, ಚಿಂತಾಮಣಿ ರಸ್ತೆಯ ಚಿಂತಗುಟ್ಟೆ ಎಂಬ ಹಳ್ಳಿಯ ಗೋಮಾಳದಲ್ಲಿ ಮನೆಯಿಲ್ಲದವರಿಗೆ ನಿವೇಶನ ಕೊಡುತ್ತಾರೆಂದೂ ಸುದ್ದಿ ಬಂತು. ಹಳ್ಳಿಗೂ ರಸ್ತೆ, ಚರಂಡಿ, ಒಂದು ಆಸ್ಪತ್ರೆಯಂತೆ. ಅದಕ್ಕೆ ಮುಂಚೆ ಜನರ ಅಭಿಪ್ರಾಯ ಕೇಳುವ ಸಭೆಯೂ ನಡೆಯುತ್ತದಂತೆ. ರಹಮತುನ್ನೀಸಾ ಅರ್ಜಿ ಹಾಕಿದಳು. ಹಾಕಿ ಸುಮ್ಮನೆ ಕೂರಲಾಗಲಿಲ್ಲ. ಒಂದು ರಜೆಯ ದಿನ ಗಂಡನಿಗೂ ಹೇಳದೆ ಬಸ್ಸು ಹತ್ತಿ ಆ ಜಾಗ ನೋಡಲು ಹೋದಳು.

ಹುಣಸೆ ಮರಗಳ ತೋಪು, ಅದರಾಚೆ ಹುಲ್ಲುಗಾವಲು, ಅದರ ತುದಿಗೆ ಬಂಡೆಗಳ ಗುಟ್ಟೆ. ಗಾಳಿಗೆ ಯಾವ ವಾಸನೆಯೂ ಇರಲಿಲ್ಲ. ಅವಳು ಚಪ್ಪಲಿ ಬಿಟ್ಟು ಹುಲ್ಲಿನ ಮೇಲೆ ಓಡಾಡಿದಳು. ಇಲ್ಲಿ ಬಾಗಿಲು, ಇಲ್ಲಿ ಒಲೆ, ಇಲ್ಲಿ ಹುಮಾಳ ಮಗುವಿಗೆ ತೊಟ್ಟಿಲು ಕಟ್ಟುವ ತೊಲೆ. ತನ್ನ ಹುಚ್ಚಿಗೆ ತಾನೇ ನಾಚಿಕೊಂಡು, ದಣಿವಾರಿಸಿಕೊಳ್ಳಲು ಬಂಡೆ ಹತ್ತಿದಳು. ಅಲ್ಲಿ ಆಗಲೇ ಒಬ್ಬ ಹೆಂಗಸು ಕೂತಿದ್ದಳು. ಕೆಳಗೆ ಅವಳ ಹಸುಗಳು ಮೇಯುತ್ತಿದ್ದವು.

"ಬಾಮ್ಮ, ಕೂತ್ಕೋ. ಯಾವೂರು?"

"ಶಿಡ್ಲಘಟ್ಟ. ಸುಮ್ನೆ ಈ ಕಡೆ ಬಂದಿದ್ದೆ."

ಅವಳ ಹೆಸರು ವರಲಕ್ಷ್ಮಮ್ಮ. ಹಳ್ಳಿಯ ಹಳೇ ಜಮೀನುದಾರರ ಮನೆಯ ಸೊಸೆ, ಈಗ ತಾನೂ ಅತ್ತೆಯಾದವಳು. ಸೆರಗಿನಲ್ಲಿದ್ದ ಹುರಿದ ಕಡಲೆಕಾಯಿ ಅರ್ಧ ಇವಳ ಕೈಗೆ ಸುರಿದಳು. ಇಬ್ಬರೂ ಸಿಪ್ಪೆ ಬಿಡಿಸುತ್ತ ಮಾತಿಗೆ ಬಿದ್ದರು.

"ಅಲ್ನೋಡು, ದೂರಕ್ಕೆ. ನೀಲಿಗೆ ಕಾಣಿಸ್ತೈತಲ್ಲ, ಅದೇ ಅಂಬಾಜಿದುರ್ಗ," ಎಂದಳು ವರಲಕ್ಷ್ಮಮ್ಮ. "ಅದರ ಬುಡದಾಗೆ ನಮ್ಮಮ್ಮನ ಮನೆ. ಹೊಸದಾಗಿ ಮದ್ವೆ ಮಾಡ್ಕೊಂಡ್ ಬಂದಾಗ ಹಸು ನೆಪ ಮಾಡ್ಕೊಂಡು ಇಲ್ಲಿಗ್ ಬರ್ತಿದ್ದೆ. ಬೆಟ್ಟ ನೋಡ್ಕೊಂಡು ಅಳೋದು, ಮುಖ ಒರೆಸ್ಕೊಂಡು ಮನೇಗ್ ಹೋಗೋದು."

"ಈಗಲೂ ಬರ್ತೀರಲ್ಲ."

"ಈಗ ಅಲ್ಲಿ ಏನೂ ಇಲ್ಲ ಕಣಮ್ಮ. ಅಮ್ಮ ಹೋದ್ಲು. ಅಣ್ಣ ತಮ್ಮಂದಿರು ಮನೆ ಜಮೀನು ಎಲ್ಲ ಮಾರ್ಕೊಂಡ್ರು, ಲೇಔಟ್ ಆಯ್ತು. ಸುತ್ತ ಕಾಂಪೌಂಡು, ಗೇಟಿಗೆ ಒಬ್ಬ ವಾಚ್‌ಮನ್ನು. ಒಂದ್ ಸಾರಿ ಹೋಗಿದ್ದೆ. ಯಾರನ್ನ ನೋಡ್ಬೇಕು ಅಂದ. ಏನ್ ಹೇಳ್ಲಿ? ವಾಪಸ್ ಬಂದ್ಬಿಟ್ಟೆ." ಅವಳು ಕಣ್ಣು ಕಿರಿದು ಮಾಡಿ ದೂರಕ್ಕೆ ನೋಡಿದಳು. "ಬೆಟ್ಟನ ಮಾತ್ರ ಮಾರಕ್ಕಾಗಿಲ್ಲ ನೋಡು. ಈಗ ಇಲ್ಲೂ ಏನೋ ಮನೆ ಕಟ್ತಾರಂತೆ. ಮಹಡಿ ಎದ್ರೆ ಅದೂ ಕಾಣಲ್ಲ."

ರಹಮತುನ್ನೀಸಾಳ ಬಾಯಲ್ಲಿದ್ದ ಕಡಲೆಬೀಜ ಅಲ್ಲೇ ನಿಂತಿತು. ಹೇಳಿಬಿಡಬೇಕು ಅಂದುಕೊಂಡಳು. ನಾನೇ ಬರಬೇಕಾದವಳು, ಆ ಮನೆಗಳಲ್ಲಿ ಒಂದು ನನ್ನದು ಎಂದು. ಹೇಳಲಿಲ್ಲ. ಬಸ್ಸಿನ ಹೊತ್ತಾಯಿತೆಂದು ಎದ್ದುಬಿಟ್ಟಳು.

ಸಭೆ ಸೇರಿದ್ದು ಚಿಂತಗುಟ್ಟೆಯ ಶಾಲೆಯ ಅಂಗಳದಲ್ಲಿ. ಶಾಮಿಯಾನದ ಒಂದು ಕಡೆ ಹಳ್ಳಿಯವರು, ಇನ್ನೊಂದು ಕಡೆ ಪಟ್ಟಣದಿಂದ ಟೆಂಪೋಗಳಲ್ಲಿ ಬಂದ ಅರ್ಜಿದಾರರು. ನಡುವೆ ಯಾರೂ ಕೂರದ ಕುರ್ಚಿಗಳು. ಅಧಿಕಾರಿ ನಕ್ಷೆಯನ್ನು ಗೋಡೆಗೆ ತೂಗುಹಾಕಿಸಿ, "ಹಳದಿ ಇರೋದೆಲ್ಲ ವಸತಿ" ಎಂದರು. ಗೋಮಾಳವೂ ಗುಟ್ಟೆಯೂ ಹಳದಿಯಾಗಿದ್ದವು. ಹಳ್ಳಿಯ ಸಾಲಿನಲ್ಲಿ ವರಲಕ್ಷ್ಮಮ್ಮ ಇವಳನ್ನು ಕಂಡು ನಕ್ಕಳು. ಆಮೇಲೆ ಇವಳು ಕೂತ ಜಾಗ ಯಾವುದೆಂದು ಅವಳಿಗೆ ಹೊಳೆಯಿತು. ನಗು ಹಾಗೇ ಇಂಗಿತು.

ಮೊದಲು ಎದ್ದವನು ಊರ ಹಿರಿಯ ರಾಮಾಂಜಿನಪ್ಪ. "ನಮ್ಗೇ ಕುಡ್ಯಕ್ ನೀರಿಲ್ಲ ಸ್ವಾಮಿ. ದಿನ ಬಿಟ್ಟು ದಿನ ಬರೋ ನೀರಿಗೆ ಇಷ್ಟು ಜನ ಬಂದ್ ನಿಂತ್ರೆ ಏನ್ ಗತಿ? ನಮ್ಮೂರ್ ಹುಡುಗರಿಗೇ ಸೈಟಿಲ್ಲ. ಮೇವಿಗೆ ಎಲ್ಲಿಗೋಗಣ? ಯಾರೋ ಎಲ್ಲಿಂದಲೋ ಬರ್ತಾರೆ, ಎಂಥವರೋ ಏನೋ." ಕೊನೆಯ ಮಾತಿಗೆ ಕೆಲವರು ಚಪ್ಪಾಳೆ ತಟ್ಟಿದರು. ಪಟ್ಟಣದ ಕಡೆಯಿಂದ ಗದ್ದಲವೆದ್ದಿತು. ಲಾಲ್ ಬಾಷಾ ಹೆಂಡತಿಯ ತೋಳು ಹಿಡಿದು, "ನಡಿ ಹೋಗೋಣ, ಇವರು ನಮ್ಮನ್ನ ಬಿಡೋದಿಲ್ಲ" ಎಂದು ಉರ್ದುವಿನಲ್ಲಿ ಪಿಸುಗುಟ್ಟಿದ. ಅವಳು ತೋಳು ಬಿಡಿಸಿಕೊಂಡು ಎದ್ದು ನಿಂತಳು.

ಮೈಕು ಹಿಡಿದು ಅವಳಿಗೆ ಗೊತ್ತಿರಲಿಲ್ಲ.

"ನೀರಿನ ವಿಷಯ ಅವರು ಹೇಳಿದ್ದು ಸರಿ. ಮೊದ್ಲು ನೀರು ತನ್ನಿ, ಆಮೇಲೆ ನಮ್ಮನ್ನ ಕರ್ಕೊಂಡ್ ಬನ್ನಿ. ಎಂಥವರೋ ಅಂದ್ರಲ್ಲ ಯಜಮಾನ್ರೇ, ನಾನು ನೂಲು ತೆಗಿಯೋಳು. ನೀವು ಬೆಳೆದ ಗೂಡು ನನ್ನ ಕೈಯಲ್ಲೇ ಬೇಯೋದು." ಅವಳು ಹಳ್ಳಿಯ ಸಾಲಿನ ಕಡೆ ತಿರುಗಿದಳು. "ನನಗೆ ತವರು ಅನ್ನೋದು ಇರಲಿಲ್ಲ. ನಮ್ಮಪ್ಪಾನೂ ಬಾಡಿಗೇಲೇ ಇದ್ದು ಹೋದ್ರು. ನಿಂತ್ಕೊಂಡು ನೋಡಣ ಅಂದ್ರೆ ನನಗೆ ಯಾವ ದಿಕ್ಕೂ ಇಲ್ಲ. ನನ್ ಮಗಳಿಗಾದ್ರೂ ಇರಲಿ ಅಂತ ಆಸೆ. ಅವಳು ಬಂದು ಒಂದ್ ರಾತ್ರಿ ಮಲಗಿ ಏಳ್ಬೇಕು, ಅಷ್ಟೇ. ಆದರೆ ಆ ಗುಟ್ಟೆ ಮೇಲೆ ಮಾತ್ರ ಮನೆ ಬೇಡ ಸಾರ್. ಅದರ ಎದುರಿಗೆ ಮಹಡೀನೂ ಬೇಡ. ಅಲ್ಲಿ ಕೂತು ದೂರ ನೋಡೋರು ಇದಾರೆ."

ಅಧಿಕಾರಿಗೆ ಅರ್ಥವಾಗಲಿಲ್ಲ. "ಅಂದ್ರೆ ನಿಮ್ಮದು ಪರವೋ ವಿರೋಧವೋ?" ಎಂದು ಕೇಳಿದರು. ಎರಡೂ ಕಡೆಯವರು ನಕ್ಕರು. "ನನಗೆ ಮನೆ ಬೇಕು ಸಾರ್" ಎಂದಷ್ಟೇ ಹೇಳಿ ಅವಳು ಕೂತಳು. "ಸಿಕ್ಕೋದನ್ನೂ ಹಾಳು ಮಾಡ್ದೆ," ಎಂದ ಲಾಲ್ ಬಾಷಾ.

ವರಲಕ್ಷ್ಮಮ್ಮ ಮಾತಾಡಲು ಏಳಲೇ ಇಲ್ಲ. ಸಭೆ ಮುಗಿದು ಜನ ಚದುರುವಾಗ ನೀರಿನ ಡ್ರಮ್ಮಿನ ಹತ್ತಿರ ಎದುರಾದಳು.

"ಅವತ್ತೇ ಹೇಳ್ಬಾರ್ದಾಗಿತ್ತಾ?"

"ಹೇಳಿದ್ರೆ ನೀವು ಬೆಟ್ಟದ್ ವಿಷಯ ಹೇಳ್ತಿರ್ಲಿಲ್ಲ."

ವರಲಕ್ಷ್ಮಮ್ಮ ಡ್ರಮ್ಮಿನಿಂದ ಒಂದು ಲೋಟ ನೀರು ಹಿಡಿದಳು. "ನಮ್ ಮನೇಲಿ ಎಲ್ರೂ ಈ ಮನೆಗಳು ಬೇಡ ಅಂತ ಅರ್ಜಿಗೆ ಸೈನ್ ಹಾಕಿದೀವಿ. ನಾನೂ ಹಾಕಿದೀನಿ. ಅದನ್ನ ತೆಗಿಯಲ್ಲ."

"ತೆಗೀಬೇಡಿ ಬಿಡಿ."

"ನಿನ್ ಮಗಳ್ ಹೆಸರೇನು?"

"ಹುಮಾ."

"ಫೋನ್ ನಂಬರ್ ಕೊಡು" ಎಂದಳು ವರಲಕ್ಷ್ಮಮ್ಮ.

ನಕ್ಷೆ ಬದಲಾಗುವುದಕ್ಕೆ ಒಂದು ಮಳೆಗಾಲ ಕಳೆಯಿತು. ಹುಣಸೆ ತೋಪಿನ ಬದಿಯಲ್ಲಿ ಮಾತ್ರ ಮನೆಗಳು, ಅವೂ ಮಹಡಿಯಿಲ್ಲದವು. ಗುಟ್ಟೆಯೂ ಮೇವಿನ ಜಾಗವೂ ನಕ್ಷೆಯಲ್ಲಿ ಹಳದಿಯಿಂದ ಹಸಿರು ಬಣ್ಣಕ್ಕೆ ತಿರುಗಿದವು. ಯಾರ ಮಾತಿಗೆ ಹಾಗಾಯಿತೆಂದು ಯಾರಿಗೂ ಗೊತ್ತಿಲ್ಲ. ರಾಮಾಂಜಿನಪ್ಪ ತನ್ನಿಂದ ಅಂದ. ಬಂಡೆ ಒಡೆಸುವ ಖರ್ಚಿಗೆ ಹೆದರಿದರು ಅಂತ ಲಾಲ್ ಬಾಷಾ ಅಂದ. ಸೈಟುಗಳು ಅರ್ಧಕ್ಕರ್ಧ ಕಮ್ಮಿಯಾದವು. ಚೀಟಿ ಎತ್ತಿದ ದಿನ ರಹಮತುನ್ನೀಸಾ ಪುರಸಭೆಯ ಅಂಗಳದಲ್ಲಿ ಬೆಳಗ್ಗೆಯಿಂದ ನಿಂತಿದ್ದಳು. ಅವಳ ಹೆಸರು ಬರಲಿಲ್ಲ. ಎರಡನೇ ಹಂತದಲ್ಲಿ ನೋಡೋಣ ಎಂದರು. ಎರಡನೇ ಹಂತಕ್ಕೆ ಜಾಗವೇ ಉಳಿದಿರಲಿಲ್ಲ.

ಮನೆಗೆ ಬಂದು ಅವಳು ಅಳಲಿಲ್ಲ. ಗಂಡ ಬಯ್ಯುತ್ತಾನೆಂದುಕೊಂಡಿದ್ದಳು, ಅವನು ಟೀ ಕಾಯಿಸಿ ಲೋಟ ತಂದು ಮುಂದಿಟ್ಟ. "ನೀನು ಸುಮ್ಮನಿದ್ದಿದ್ದರೆ ಅಷ್ಟೂ ಸೈಟು ಇರುತ್ತಿತ್ತೇನೋ," ಎಂದ ಮೆಲ್ಲಗೆ.

"ಇರುತ್ತಿತ್ತೇನೋ."

"ಬೇಜಾರಿದೆಯಾ?"

ಅವಳು ಒಂದು ಗುಟುಕು ಟೀ ಕುಡಿದು ಲೋಟ ಕೆಳಗಿಟ್ಟಳು. "ಮನೆ ಇನ್ನೂ ಬೇಕು ಅನ್ನಿಸುತ್ತೆ. ಮೊದಲಿಗಿಂತ ಜಾಸ್ತಿ ಬೇಕು ಅನ್ನಿಸುತ್ತೆ. ಆ ಮಾತು ವಾಪಸ್ ತಗೋಬೇಕು ಅಂತ ಮಾತ್ರ ಅನ್ನಿಸೋದಿಲ್ಲ."

ವರಲಕ್ಷ್ಮಮ್ಮ ಆಗಾಗ ಫೋನು ಮಾಡುತ್ತಿದ್ದಳು. ಪಾಯ ತೆಗೆದರು ಎಂದಳು. ನೀರಿನ ಪೈಪು ಬಂತು, ನಮ್ಮೂರಿಗೂ ಬಂತು ಎಂದಳು. ಬೇಸಿಗೆ ಮುಗಿಯುವ ಹೊತ್ತಿಗೆ ಒಂದು ಸಂಜೆ ಮತ್ತೆ ಫೋನು ಬಂತು. ರಹಮತುನ್ನೀಸಾ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಘಟಕದ ಹೊರಗೆ ಬಂದು ನಿಂತಳು.

"ಏಮಮ್ಮ, ಇವತ್ತು ಮೊದಲ್ನೇ ಮನೇಗ್ ಬಂದ್ರು ಕಣೇ. ಹಾಲುಕ್ಕಿಸಿದ್ರು. ನಮ್ಮನೇಗೂ ಪಾಯಸ ಕಳ್ಸಿದ್ರು. ನಮ್ ಯಜಮಾನ್ರು ಮುಖ ಗಂಟ್ ಹಾಕ್ಕೊಂಡೇ ತಿಂದ್ರು."

"ಯಾರ್ ಬಂದಿರೋದು?"

"ಯಾರೋ ಹೂವು ಮಾರೋರಂತೆ. ಗಂಡ ಹೆಂಡ್ತಿ, ಒಂದ್ ಮುದುಕಿ. ಚಿಕ್ ಮನೆ. ಲಕ್ಷಣವಾಗೈತೆ."

"ಬಾಗಿಲು ಯಾವ ಕಡೇಗಿದೆ?"

"ಮೂಡ್ಲಿಗೆ."

"ಅಡುಗೆ ಮನೇಲಿ ಕಿಟಕಿ ಇಟ್ಟಿದಾರಾ?"

"ತಾಳು, ಇಲ್ಲಿಂದ ಕಾಣಲ್ಲ. ಆ ಕಡೇಗ್ ಹೋಗಿ ನೋಡಿ ಹೇಳ್ತೀನಿ" ಎಂದಳು ವರಲಕ್ಷ್ಮಮ್ಮ. ಫೋನಿನಲ್ಲಿ ಅವಳ ಹೆಜ್ಜೆಯ ಸದ್ದು, ಏದುಸಿರು, ಯಾವುದೋ ಹಸುವನ್ನು ಗದರಿದ್ದು ಕೇಳಿಸಿತು. ಒಳಗಿನಿಂದ ಯಾರೋ ರಹಮತುನ್ನೀಸಾಳನ್ನು ಕೂಗಿದರು, ನೀರು ಕುದಿಯುತ್ತಿದೆ ಎಂದು. ಅವಳು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡು ಕಾಯುತ್ತ ನಿಂತಳು.