ಹುಬ್ಬಿನ ಪಕ್ಕದ ಕುಳಿ

ಬೆಳಗ್ಗೆ ಏಳು ಗಂಟೆಗೆ ಸ್ನೇಹಲ್ ಹಾಸಿಗೆಯಿಂದ ಏಳಲು ಹೋದಾಗ ಬೆನ್ನಿನ ಚರ್ಮ ಅಂಗೈಯಗಲ ಕಿತ್ತು ಚಾದರಕ್ಕೆ ಅಂಟಿಕೊಂಡಿತು.

ಅವಳಿಗೆ ಹನ್ನೆರಡು ವರ್ಷ. ತಿಂಗಳ ಹಿಂದೆ ಬಾಯಲ್ಲಿ ಹುಣ್ಣಾದಾಗ ಮನೆಯವರು ಉಷ್ಣವೆಂದುಕೊಂಡಿದ್ದರು. ಈ ವಾರ ಎದೆ, ಬೆನ್ನಿನ ಮೇಲೆ ನೀರುಗುಳ್ಳೆ ಎದ್ದವು. ಅಜ್ಜಿ ಕಾಶವ್ವ ನೋಡಿದವಳೇ "ಅಮ್ಮ ಬಂದಾಳ" ಎಂದಳು. ಸೀತಾಳೆ ಸಿಡುಬನ್ನು ಅವಳು ಬೇರೆ ಹೆಸರಿನಿಂದ ಕರೆದವಳಲ್ಲ. ಮರಾಠಿ ನಾಡಿನ ಯೆರವಡಾದ ಮನೆಯ ಬಾಗಿಲಿಗೆ ಬೇವಿನ ಟೊಂಗೆ ಬಂತು, ಅಡುಗೆಮನೆಯಲ್ಲಿ ಒಗ್ಗರಣೆ ನಿಂತಿತು. ಔಷಧ ಕೂಡದು. ಚಾದರದ ಮೇಲೆ ಬೇವಿನೆಲೆ ಹರಡಿ ಹುಡುಗಿಯನ್ನು ಮಲಗಿಸಿದರು.

"ಮಮ್ಮಿ, ಎಳೀಬ್ಯಾಡ!"

ತಾಯಿ ಮಾಧುರಿ ಚಾದರವನ್ನು ನೀರಿನಿಂದ ನೆನೆಸಿ ಬಿಡಿಸುತ್ತಿದ್ದಳು. "ಅತ್ತಿ, ದವಾಖಾನಿಗೆ ಒಯ್ತೀನ್ರಿ."

"ಅಮ್ಮ ಮೈಮ್ಯಾಲ ಇದ್ದಾಗ ಸೂಜಿ ಚುಚ್ಚಸ್ತಿ? ಸಿಟ್ಟಿಗೆದ್ದರ ಕಣ್ಣ ತಗೋತಾಳ."

ಮಾಧುರಿಯ ಕೈ ನಿಂತಿತು. ಆಗ ಮಗಳ ಹುಬ್ಬಿನ ಪಕ್ಕದ ಸಣ್ಣ ಕುಳಿ ಕಣ್ಣಿಗೆ ಬಿತ್ತು.

"ಇದು ಯಾವಾಗಿಂದ್ರಿ ಅತ್ತಿ? ನಾಕು ವರ್ಷದಾಕಿ ಇದ್ದಾಗ ಅಮ್ಮ ಬಂದು ಹೋಗ್ಯಾಳ. ಬೇವಿನ ನೀರು ಎರೆದಾಕಿ ನೀವ, ಮೊಸರನ್ನದ ಎಡಿ ಹಿಡದಾಕಿ ನೀವ. ಒಮ್ಮೆ ಬಂದಾಕಿ ಮತ್ತ ಬರೂದಿಲ್ಲ ಅಂದಾಕಿನೂ ನೀವ."

ಕಾಶವ್ವ ಕುಳಿಯನ್ನು ಬೆರಳಿನಿಂದ ಮುಟ್ಟಿ ನೋಡಿದಳು.

"ಮತ್ತ ಇದೇನ, ಮಾಧುರಿ?"

ಅಮ್ಮನಾದರೆ ಇಳಿದು ಹೋಗುತ್ತಾಳೆ. ಇದು ಹೋಗುತ್ತದೆಯೇ ಎಂಬುದು ಇಬ್ಬರಿಗೂ ಗೊತ್ತಿರಲಿಲ್ಲ.

ದವಾಖಾನೆಗೆ ಹೋಗುವ ರಿಕ್ಷಾದಲ್ಲಿ ಸ್ನೇಹಲ್ ಸೀಟಿಗೆ ಒರಗದೆ ಮುಂದೆ ಬಾಗಿ ಕೂತಳು. ಗುಂಡಿ ಬಂದಾಗಲೆಲ್ಲ ಕಾಶವ್ವ "ಹಳೂ, ಭಾವೂ, ಹಳೂ" ಎಂದು ನಿಧಾನ ಹೋಗಲು ಡ್ರೈವರನನ್ನು ಬೇಡಿಕೊಂಡಳು.

ಚರ್ಮದ ಡಾಕ್ಟರ್ ನೀಲಿಮಾ ಗುಳ್ಳೆಯ ಪಕ್ಕದ ಸರಿಯಿದ್ದ ಜಾಗವನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ಸರಿಸಿದರು. ಚರ್ಮ ಜಾರಿತು. ಕಾಶವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳತೊಡಗಿದಳು. ಡಾಕ್ಟರ್ ಮರಾಠಿಯಲ್ಲಿ ಹೇಳಿದರು: ಪೆಂಫಿಗಸ್ ಇರಬಹುದು. ದೇಹದ ರಕ್ಷಣಾ ಶಕ್ತಿಯೇ ಚರ್ಮದ ಮೇಲೆ ತಿರುಗಿಬಿದ್ದಿದೆ. ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ, ಆದರೆ ತೆರೆದ ಗಾಯಕ್ಕೆ ಸೋಂಕು ತಗುಲಿದರೆ ಜೀವಕ್ಕೆ ಅಪಾಯ. ಬೆನ್ನಿಗಂಟಿದ ಎಲೆಯ ಚೂರು ತೋರಿಸಿ ಕೇಳಿದರು: ಎಲೆಯ ಮೇಲೆ ಮಲಗಿಸಿದ್ದು ಯಾರು?

"ಮೀ," ನಾನೇ, ಎಂದಳು ಕಾಶವ್ವ.

"ಆಯಿ, ಅಳಬ್ಯಾಡ," ಸ್ನೇಹಲ್ ಅಜ್ಜಿಗೆ ಹೇಳಿದಳು. "ಬೆನ್ನು ಬರೇ ಉರೀತದ. ನಿನ್ನ ಮಾರಿ ನೋಡಿದ್ರ ಅಂಜಿಕಿ ಬರ್ತದ."

ಚರ್ಮದ ಚೂರಿನ ಪರೀಕ್ಷೆಯಲ್ಲಿ ಪೆಂಫಿಗಸ್ ಖಚಿತವಾಯಿತು. ಸ್ಟಿರಾಯ್ಡ್ ಶುರುವಾದ ಮೂರನೇ ವಾರ ಹೊಸ ಗುಳ್ಳೆ ಏಳುವುದು ನಿಂತಿತು. ಅವತ್ತು ಕಾಶವ್ವ ಬಾಗಿಲಿನ ಟೊಂಗೆ ತೆಗೆದು ಸಾರಿಗೆ ಒಗ್ಗರಣೆ ಹಾಕಿದಳು.